ಅಂಗೈಯಲ್ಲಿ ಹಿಡಿದುಕೊಳ್ಳಿ

ಆ ಭಾನುವಾರ ಅಕ್ಕನ ಮನೆಯಲ್ಲಿ ಕೊಬ್ಬರಿ ಬಿಡಿಸುವ ಕೆಲಸವಿತ್ತು. ದಬ್ಬೇಘಟ್ಟದ ಕಡೆಯ ಬಸ್ಸು ಹತ್ತಿ ನಾನು ಬೆಳಿಗ್ಗೆಯೇ ಹೋಗಿದ್ದೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ್ದ ಕಾಯಿಗಳನ್ನು ಹಿಂದಿನ ದಿನ ಇಳಿಸಿ ಸುಲಿಸಿದ್ದರು. ಅಂಗಳದಲ್ಲಿ ರಾಶಿ ಬಿದ್ದಿತ್ತು. ಸುತ್ತ ಕೂತು, ಕತ್ತಿಯ ಬೆನ್ನಿನಿಂದ ಕರಟ ತಟ್ಟಿ, ಒಳಗಿನ ಕೊಬ್ಬರಿಯನ್ನು ಉಂಡೆಯಾಗಿಯೇ ಹೊರಗೆ ತೆಗೆಯಬೇಕು. ಅಕ್ಕನ ಕೈಯಲ್ಲಿ ಉಂಡೆ ಒಡೆದದ್ದನ್ನು ನಾನು ಕಂಡಿಲ್ಲ. ನನ್ನ ಕೈಯಲ್ಲಿ ಆಗಾಗ ಒಡೆಯುತ್ತಿತ್ತು. ಒಡೆದ ಹೋಳನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸುತ್ತಿದ್ದೆ.

"ಕಾಣ್ತದೆ ಕಣೇ, ಬಚ್ಚಿಡಬ್ಯಾಡ," ಎಂದಳು ಅಕ್ಕ. "ಆಸ್ಪತ್ರೇಲೂ ಹಿಂಗೇ ಜನರ ಎದೆ ಒಡೀತೀಯೇನು?"

"ನಾನು ಒಡೆಯಲ್ಲ ಕಣಕ್ಕ. ಹೊರಗಿಂದಲೇ ಒಳಗೆ ನೋಡ್ತೀನಿ."

"ಅದೇನು ಮಹಾ. ನಾನೂ ನೋಡ್ತೀನಿ." ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿದಳು. ಒಳಗೆ ಉಂಡೆ ಗಡಗಡ ಎಂದಿತು. "ಇದು ಚೆನ್ನಾಗೈತೆ. ಬರ್ಕೋ ನಿನ್ನ ರಿಪೋರ್ಟ್‌ನಾಗೆ."

ಭಾವ ಕರಟ ತುಂಬಿದ ಮಂಕರಿ ಹೊತ್ತು ಹೋಗುತ್ತಿದ್ದವರು ನಿಂತು ನಕ್ಕರು. ಅಕ್ಕನೂ ನಗಲು ಹೋಗಿ ಕೆಮ್ಮಿದಳು. ಸೆರಗು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕೆಮ್ಮಿದಳು. ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದೆ. "ಅಟ್ಟ ಇಳಿಸಿದಾಗಲೆಲ್ಲ ಬರ್ತದೆ, ಧೂಳು," ಎಂದಳು. "ಈ ಸಲ ಸ್ವಲ್ಪ ಹೆಚ್ಚಿಗೇ ಆಗೈತೆ," ಎಂದರು ಭಾವ. ಹರಾಜಿನ ದಿನ ಹೇಗೂ ಕೊಬ್ಬರಿ ಚೀಲ ತೆಗೆದುಕೊಂಡು ತಿಪಟೂರಿಗೆ ಬರುತ್ತೀರಲ್ಲ, ಇವಳನ್ನೂ ಕರೆತನ್ನಿ, ಎದೆಯದೊಂದು ಎಕ್ಸ್‌ರೇ ತೆಗೆದುಬಿಡೋಣ ಎಂದು ಹೇಳಿದೆ. ಅಕ್ಕ, "ಊರಿನವರದ್ದೆಲ್ಲ ತೆಗೆದಾಯ್ತು, ಇನ್ನು ನಂದೊಂದು ಬಾಕಿ ಐತೆ ಇವಳಿಗೆ," ಎಂದಳು. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಸಂಜೆ ಬಸ್ಸಿಗೆ ಬಿಡಲು ಬಂದಾಗ ಕೈಗೆ ಒಂದು ಚೀಲ ಕೊಟ್ಟಳು. ಬಸ್ಸಿನಲ್ಲಿ ಬಿಚ್ಚಿ ನೋಡಿದರೆ ನಾನು ಒಡೆದಿದ್ದ ಹೋಳುಗಳೇ.

ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆಯುವುದು ನನ್ನ ಕೆಲಸ. ಪಿಯುಸಿ ಆದ ಮೇಲೆ ಡಿಪ್ಲೊಮಾ ಮಾಡಿಕೊಂಡು ಸೇರಿದವಳು. ಮೊದಲು ಎಕ್ಸ್‌ರೇ ಮಾತ್ರ ಇತ್ತು, ಆಮೇಲೆ ಸಿ.ಟಿ. ಯಂತ್ರ ಬಂತು. ಚಿತ್ರ ತೆಗೆಯುವುದು ನಾನು. ನೋಡಿ ಇಂಥದ್ದು ಎಂದು ಹೇಳುವುದು ಡಾಕ್ಟರ್ ಮೇಡಂ. ಅವರು ಹೃದಯ ಮತ್ತು ಶ್ವಾಸಕೋಶದ ಚಿತ್ರಗಳನ್ನು ಓದುವುದನ್ನೇ ಹೆಚ್ಚಾಗಿ ಕಲಿತು ಬಂದವರು. ತುಮಕೂರಿನಿಂದ ವಾರದಲ್ಲಿ ಕೆಲವು ದಿನ ಬರುತ್ತಾರೆ, ಉಳಿದ ದಿನ ನಾನು ಕಳಿಸಿದ ಚಿತ್ರಗಳನ್ನು ಅಲ್ಲಿಂದಲೇ ನೋಡುತ್ತಾರೆ. ಚಿತ್ರ ಸರಿಯಾಗಿ ಬರದಿದ್ದರೆ ಎಷ್ಟು ಓದಿದ್ದರೂ ನನಗೇನೂ ಕಾಣುವುದಿಲ್ಲ ಎಂದು ಅವರು ಬಂದ ಹೊಸದರಲ್ಲೇ ಹೇಳಿದ್ದರು. ಆ ಮಾತು ನನಗೆ ಹಿಡಿಸಿತ್ತು.

ನಮ್ಮ ಕೆಲಸದಲ್ಲಿ ಅರ್ಧ ಭಾಗ ಉಸಿರು ಹಿಡಿಸುವುದು. ಗಾಳಿ ತುಂಬಿದ ಶ್ವಾಸಕೋಶ ಚಿತ್ರದಲ್ಲಿ ಕಪ್ಪಾಗಿ ಬರುತ್ತದೆ. ಆ ಕಪ್ಪಿನಲ್ಲಿ ಬಿಳಿ ಏನಿದೆ ಎಂದು ಹುಡುಕಬೇಕು. ಉಸಿರು ಪೂರ್ತಿ ಎಳೆಯದಿದ್ದರೆ ಕಪ್ಪೇ ಸರಿಯಾಗಿ ಬರುವುದಿಲ್ಲ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಎಂದರೆ ಜನ ಭುಜ ಎತ್ತುತ್ತಾರೆ, ಕಣ್ಣು ಮುಚ್ಚುತ್ತಾರೆ, ಹಲ್ಲು ಕಚ್ಚುತ್ತಾರೆ, ಉಸಿರು ಮಾತ್ರ ಎಳೆಯುವುದಿಲ್ಲ. ಬಾವಿಗೆ ಬೀಳೋ ಮುಂಚೆ ಎಳ್ಕೊಂತೀರಲ್ಲ, ಹಂಗೆ ಎಂದರೆ ಈಜು ಬಂದವರಿಗೆ ತಕ್ಷಣ ಅರ್ಥವಾಗುತ್ತದೆ. ಬಿಡಿ ಎಂದು ಹೇಳುವುದನ್ನು ಮರೆಯಬಾರದು. ಮರೆತರೆ ಕೆಲವರು ಮುಖ ಕೆಂಪಾದರೂ ಹಾಗೇ ನಿಂತಿರುತ್ತಾರೆ.

ಇನ್ನರ್ಧ ಭಾಗ ಮೈಮೇಲಿನ ಲೋಹ ತೆಗೆಸುವುದು. ಸರ, ಪಿನ್ನು, ತಾಳಿಯ ಗುಂಡುಗಳು ಎಲ್ಲ ಚಿತ್ರದಲ್ಲಿ ಅಚ್ಚಬಿಳಿಯಾಗಿ ಬರುತ್ತವೆ. ಅವುಗಳ ಹಿಂದೆ ಏನಿದ್ದರೂ ಕಾಣುವುದಿಲ್ಲ. ನಮ್ಮ ಕಡೆ ಇದೆಲ್ಲಕ್ಕಿಂತ ಕಷ್ಟದ್ದು ಲಿಂಗ. ಇಲ್ಲಿಯ ಬಹಳ ಮನೆಗಳಲ್ಲಿ, ನಮ್ಮ ಮನೆಯಲ್ಲಿಯೂ, ಗಂಡಸರು ಹೆಂಗಸರು ಎನ್ನದೆ ಕೊರಳಲ್ಲಿ ಇಷ್ಟಲಿಂಗ ಧರಿಸುತ್ತೇವೆ. ಬೆಳ್ಳಿಯ ಕರಡಿಗೆಯೊಳಗಿಟ್ಟು, ಶಿವದಾರದಲ್ಲಿ ಕಟ್ಟಿ, ಎದೆಯ ಮೇಲೆ ಬರುವ ಹಾಗೆ ಹಾಕಿಕೊಳ್ಳುವುದು. ಒಮ್ಮೆ ಕಟ್ಟಿದ ಮೇಲೆ ಅದು ಮೈಬಿಟ್ಟು ಹೋಗಬಾರದು ಎಂದು ನಂಬಿದವರು ನಾವು. ಆಸ್ಪತ್ರೆಯಲ್ಲಿ ತೆಗೆಯಿರಿ ಎಂದರೆ ಕೆಲವರು ತೆಗೆದು ಮಗನ ಕೈಗೆ ಕೊಡುತ್ತಾರೆ. ಕೆಲವರು ತೆಗೆಯುವುದಿಲ್ಲ. ಹಾಗೆಂದು ಜಗಳವನ್ನೂ ಆಡುವುದಿಲ್ಲ, ತೆಗೆದ ಹಾಗೆ ಮಾಡಿ ಮೆಲ್ಲಗೆ ಬೆನ್ನಿಗೆ ಸರಿಸಿಕೊಂಡು ಬಂದು ನಿಲ್ಲುತ್ತಾರೆ. ಎದೆಯ ಫೋಟೋ ತಾನೇ, ಬೆನ್ನ ಹಿಂದೆ ಇರುವುದು ಹೇಗೆ ಬಂದೀತು ಎಂಬ ಲೆಕ್ಕ. ಎಕ್ಸ್‌ರೇ ಬೆನ್ನಿನಿಂದ ಹೊಕ್ಕು ಎದೆಯಿಂದ ಹೊರಬರುತ್ತದೆ. ಎರಡು ನಿಮಿಷದ ಮೇಲೆ ಕಂಪ್ಯೂಟರಿನಲ್ಲಿ ಕೋಳಿಮೊಟ್ಟೆಯಂಥ ಬಿಳಿ ಕರಡಿಗೆ ಪಕ್ಕೆಲುಬುಗಳ ನಡುವೆ ಕೂತಿರುತ್ತದೆ. ಕರೆದು ತೋರಿಸಿದರೆ ಅವರಿಗೆ ಭಯವೂ ಆಗುತ್ತದೆ, ಸಂತೋಷವೂ ಆಗುತ್ತದೆ. ಹುಳಿಯಾರಿನ ಕಡೆಯ ಒಬ್ಬ ಯಜಮಾನರು ಕೈಮುಗಿದು, "ಇದೊಂದು ಪ್ರಿಂಟು ಕೊಡಿ ತಾಯಿ, ದೇವರ ಮನೇಲಿ ಹಾಕ್ಕಂತೀನಿ" ಎಂದಿದ್ದರು.

ಹರಾಜಿನ ದಿನ ಅಕ್ಕ ಬಂದಳು. ಭಾವ ಮಾರುಕಟ್ಟೆಯಲ್ಲಿ ಉಳಿದಿದ್ದರು. ಹೊಸ ಸೀರೆ ಉಟ್ಟಿದ್ದಳು, ಫೋಟೋ ಎಂದು. ಲಿಂಗ ತೆಗೆದೆಯಾ ಎಂದು ಕೇಳಿದೆ. ಹ್ಞೂಂ ಎಂದಳು. ನಾನು ಗಾಜಿನ ಹಿಂದೆ ಹೋಗಿ ಚಿತ್ರ ತೆಗೆದೆ. ಎಡಗಡೆ, ಹೃದಯದ ಪಕ್ಕದಲ್ಲಿ, ಬಿಳಿ ಮೊಟ್ಟೆ.

"ಅಕ್ಕಾ, ನೀನೂನಾ?"

"ಬೆನ್ನಿಗೆ ಹಾಕ್ಕಂಡೆ ಕಣೇ. ಕಾಣ್ತದಾ?"

"ಕಾಣದೇ ಏನು? ಊರಿನವರೆಲ್ಲ ಮಾಡೋದನ್ನೇ ನೀನೂ ಮಾಡಿದೀಯಲ್ಲ. ತೆಗಿ ಅತ್ಲಾಗೆ, ನಾನೇ ಹಿಡ್ಕೊಂಡಿರ್ತೀನಿ."

"ತೆಗೆಯಲ್ಲ." ದನಿ ಏರಿಸದೆ ಹೇಳಿದಳು. "ಅವ್ವ ಕಟ್ಟಿಸಿದ್ದು. ಹೆರಿಗೇಲೂ ತೆಗೆದಿಲ್ಲ. ನಿನ್ನ ಮಿಷನ್ನಿಗೆ ತೆಗೀತೀನಾ?" ಸ್ವಲ್ಪ ಹೊತ್ತು ಎಕ್ಸ್‌ರೇ ಸ್ಟ್ಯಾಂಡನ್ನು ನೋಡುತ್ತ ನಿಂತಳು. "ಇದನ್ನ ತಬ್ಬಿಕೊಂಡು ತಾನೇ ನಿಲ್ಲೋದು? ಎಡಗೈ ಆ ಕಡೆಗಿರ್ತದೆ. ಅಂಗೈಯಾಗೆ ಹಿಡ್ಕಂತೀನಿ. ಆವಾಗ ಎದೆ ಮೇಲೂ ಇರಲ್ಲ, ಬೆನ್ನ ಮೇಲೂ ಇರಲ್ಲ."

"ದಾರ ಸಾಲಲ್ಲ ಕಣಕ್ಕ."

"ಉದ್ದ ಮಾಡು. ನೂಲಿಲ್ವಾ ನಿಮ್ಮ ಆಸ್ಪತ್ರೇಲಿ?"

ನೂಲು ಇತ್ತು. ಪ್ಯಾಕೆಟ್ಟುಗಳನ್ನು ಕಟ್ಟಲು ಇಟ್ಟಿದ್ದ ಬಿಳಿ ಹತ್ತಿಯ ನೂಲು. ಶಿವದಾರಕ್ಕೆ ಅದನ್ನು ಗಂಟು ಹಾಕಿ ಉದ್ದ ಮಾಡಿದೆ. ಒಂದು ತುದಿ ಕೊರಳಲ್ಲಿ, ಇನ್ನೊಂದು ತುದಿ ಅಂಗೈಯಲ್ಲಿ. ಲಿಂಗ ಮೈಬಿಟ್ಟು ಹೋಗಲಿಲ್ಲ. ಹತ್ತಿ ಚಿತ್ರದಲ್ಲಿ ಕಾಣುವುದಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಡಾಕ್ಟರ್ ಮೇಡಂಗೆ ಆಮೇಲೆ ಹೇಳಿದಾಗ, "ಚಿತ್ರಕ್ಕೆ ಅಡ್ಡ ಬರದಿದ್ದರೆ ಎಲ್ಲಿದ್ದರೂ ಸರಿ, ಇನ್ನು ಮುಂದೆ ಎಲ್ಲರಿಗೂ ಹೀಗೇ ಮಾಡಿ" ಎಂದರು.

ಎರಡನೆಯ ಚಿತ್ರ ಚೆನ್ನಾಗಿ ಬಂತು. ಕರಡಿಗೆ ಇದ್ದ ಜಾಗ ಬರಿದಾಗಿತ್ತು. ಅಲ್ಲಿ, ಸ್ವಲ್ಪ ಕೆಳಗೆ, ಅಂಚು ಸರಿಯಾಗಿಲ್ಲದ ಇನ್ನೊಂದು ಬಿಳಿ ಇತ್ತು.

ಅಕ್ಕ ಹೊರಗೆ ಬಂದು, "ಚೆನ್ನಾಗಿ ಬಂದಿದೀನಾ?" ಎಂದು ಕೇಳಿದಳು. ಬಂದಿದೀಯ ಎಂದೆ. ಕಾಣುವುದು ಕಂಡರೂ ಇಂಥದ್ದು ಎಂದು ಹೇಳುವುದು ನನ್ನ ಕೆಲಸವಲ್ಲ. ಅವತ್ತು ಅದು ನನ್ನ ಕೆಲಸವಲ್ಲದಿದ್ದುದೇ ಒಳ್ಳೆಯದಾಯಿತು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದೆ. ಆಸ್ಪತ್ರೆ ಕಾಫಿ ಹೀಗಿರುವುದರಿಂದಲೇ ಜನ ಬೇಗ ವಾಸಿಯಾಗಿ ಮನೆಗೆ ಹೋಗುತ್ತಾರೆ ಎಂದು ಅವಳು ಹೇಳಿದಳು. ನಾನು ನಕ್ಕೆ ಎಂದು ನೆನಪು.

ಅಲ್ಲಿಂದ ಮುಂದಿನದನ್ನು ಉದ್ದ ಬರೆಯಲು ನನಗೆ ಆಗುವುದಿಲ್ಲ. ಸಿ.ಟಿ. ಆಯಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಬೇರೆ ಕಡೆಗೂ ಹರಡಿದೆ, ಆಪರೇಷನ್ ಆಗುವುದಿಲ್ಲ, ಔಷಧಿ ಕೊಡೋಣ ಎಂದರು. ಔಷಧಿ ಕೊಟ್ಟರು. ಕೆಲವು ತಿಂಗಳು ಅವಳು ಚೆನ್ನಾಗಿಯೇ ಇದ್ದಳು. ತೋಟಕ್ಕೆ ನೀರು ಬಿಡಲು ಹೋಗುತ್ತಿದ್ದಳು. ಮದುವೆಮನೆಗಳಿಗೆ ಹೋದಳು. ಕೂದಲು ಉದುರಿದ್ದಕ್ಕೆ ತಲೆಗೆ ಸೆರಗು ಹೊದ್ದುಕೊಂಡು, ಈಗ ನೋಡು ನಾನು ದೊಡ್ಡ ಗೌಡ್ತಿಯ ಹಾಗೆ ಕಾಣುತ್ತೇನೆ ಎನ್ನುತ್ತಿದ್ದಳು.

ಮಧ್ಯೆ ಮಧ್ಯೆ ಸಿ.ಟಿ. ತೆಗೆಸಲು ತಿಪಟೂರಿಗೇ ಬರುತ್ತಿದ್ದಳು. ಬೆಂಗಳೂರಿನಲ್ಲಿ ತೆಗೆದರೆ ಅಂಗೈಗೆ ಬಿಡುತ್ತಾರೋ ಇಲ್ಲವೋ ಎಂದು. ಸಿ.ಟಿ.ಯಲ್ಲಿ ಇನ್ನೂ ಸುಲಭ. ಹಾಸಿಗೆಯ ಮೇಲೆ ಮಲಗಿ ಎರಡು ಕೈಯನ್ನೂ ತಲೆಯ ಹಿಂದಕ್ಕೆ ಚಾಚಬೇಕು. ಆಗ ಅಂಗೈ ತಾನಾಗಿಯೇ ಚಿತ್ರದ ಆಚೆಗಿರುತ್ತದೆ. ಅಕ್ಕ ನೂಲಿನ ಉಂಡೆಯನ್ನು ಮನೆಯಿಂದಲೇ ತರತೊಡಗಿದಳು. ಹೊರಗಿನ ಬೆಂಚಿನ ಮೇಲೆ ಕೂತಿದ್ದವರಿಗೆ ತಾನೇ ಕಟ್ಟಿಕೊಡುತ್ತಿದ್ದಳು. "ಬೆನ್ನಿಗೆ ಹಾಕ್ಕಬ್ಯಾಡಿ ಕಣ್ರೀ, ಕಳ್ಳತನ ಸಿಕ್ಕಿಬೀಳ್ತದೆ. ಅಂಗೈಗೆ ತಗಳಿ. ಒಳಗಿರೋಳು ನನ್ನ ತಂಗಿನೇ, ಏನೂ ಅನ್ನಲ್ಲ." ಬಾಗಿಲ ಸಂದಿಯಿಂದ ನನಗೆ ಕೇಳಿಸುತ್ತಿತ್ತು. ಬಸ್ಸಿನಲ್ಲಿ ಹೋಗುವಾಗಲೂ ಹೇಳುತ್ತಿದ್ದಳಂತೆ, ಭಾವ ಹೇಳಿದರು. ಯಾರಾದರೂ ಕೆಮ್ಮಿದರೆ ಸಾಕು, ತಿರುಗಿ ಕೂತು ಶುರು ಮಾಡುತ್ತಿದ್ದಳು.

ಆಮೇಲಿನ ಸಿ.ಟಿ.ಗಳಲ್ಲಿ ಬಿಳಿ ಹೆಚ್ಚುತ್ತ ಹೋಯಿತು. ಕೊನೆಯದನ್ನು ತೆಗೆಯುವಾಗ ಅವಳಿಗೆ ಉಸಿರು ಹಿಡಿಯಲು ಆಗಲಿಲ್ಲ. "ಹಿಡ್ಕೊಂಡಷ್ಟು ಸಾಕು ಬುಡಕ್ಕ," ಎಂದೆ. ಅದಾದ ಮೇಲೆ ಅವಳು ತಿಪಟೂರಿಗೆ ಬರಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲೇ ಹೋದಳು. ನಾನು ಪಕ್ಕದಲ್ಲಿದ್ದೆ.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಅವರ ತೋಟದಲ್ಲೇ, ತೆಂಗಿನ ಸಾಲಿನ ನಡುವೆ ಗುಂಡಿ ತೆಗೆದಿದ್ದರು. ಹೆಂಗಸರು ಸ್ವಲ್ಪ ದೂರ ನಿಂತಿದ್ದೆವು. ಕಾರ್ಯ ಮಾಡಿಸಲು ಬಂದಿದ್ದ ಅಯ್ನೋರು ಅವಳ ಕರಡಿಗೆ ಬಿಚ್ಚಿ, ಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದರು. ಇದು ಎಲ್ಲರಿಗೂ ಮಾಡುವುದೇ. ಅಪ್ಪನಿಗೂ ಅವ್ವನಿಗೂ ಮಾಡಿದ್ದನ್ನು ನೋಡಿದ್ದೆ. ಆದರೆ ಅವತ್ತು ನನಗೆ ಕಂಡದ್ದು ಆಸ್ಪತ್ರೆಯ ಗಾಜಿನಾಚೆ ಎಷ್ಟೋ ಸಲ ಕಂಡ ಅದೇ ಕೈ.

ಹನ್ನೊಂದರ ಕಾರ್ಯ ಮುಗಿಸಿ ಕೆಲಸಕ್ಕೆ ಹೋದೆ. ಮೊದಲನೆಯ ದಿನವೇ ಒಬ್ಬರು ಎದೆಯ ಸಿ.ಟಿ.ಗೆ ಬಂದರು. ಪದ್ಧತಿಯಂತೆ ನೂಲು ಕಟ್ಟಿ ಅಂಗೈಗೆ ಕೊಟ್ಟೆ. ಅವರು ಕೈ ಚಾಚಿ ಮಲಗಿ ಬೆರಳು ಮಡಚಿದರು. ನಾನು ಗಾಜಿನ ಹಿಂದೆ ಬಂದು ಕುರ್ಚಿಯಲ್ಲಿ ಕೂತೆ. ಮೈಕಿನ ಗುಂಡಿ ಒತ್ತಿದೆ. ಉಸಿರು ಎಳ್ಕೊಳ್ಳಿ ಎನ್ನುವ ಬದಲು ಎದ್ದು ಬಾಗಿಲಿಗೆ ಹೋದೆ. ಜೊತೆಯ ಟೆಕ್ನಿಷಿಯನ್ ಬಂದು ಆ ಕೆಲಸ ಮುಗಿಸಿಕೊಟ್ಟರು.

ಡಾಕ್ಟರ್ ಮೇಡಂ ಬಂದ ದಿನ ಅವರ ಕೋಣೆಗೆ ಹೋಗಿ, ನನಗೆ ಇನ್ನು ಎದೆ ಬೇಡ, ಕೈಕಾಲಿನ ಎಕ್ಸ್‌ರೇ ಕೊಡಿ ಎಂದು ಕೇಳಿದೆ. ಅವರು ಏಕೆ ಎಂದು ಕೇಳಲಿಲ್ಲ. "ಎಷ್ಟು ದಿನ ಬೇಕೋ ಅಷ್ಟು ದಿನ ಮಾಡಿ," ಎಂದರು. ನಾನು ಬಾಗಿಲ ಹತ್ತಿರ ಹೋದಾಗ, "ಆದರೆ ಎದೆಯ ಚಿತ್ರ ನಿಮ್ಮಷ್ಟು ಚೆನ್ನಾಗಿ ನಿಮ್ಮ ಜೊತೆಯ ಟೆಕ್ನಿಷಿಯನ್ನಿಂದ ಬರುತ್ತಿಲ್ಲ. ಅವರೇ ಹೇಳಿದರು, ನನ್ನ ಮಾತಿಗೆ ಯಾರೂ ಉಸಿರು ಹಿಡಿಯೋದಿಲ್ಲ ಅಂತ," ಎಂದರು.

ಕೈಕಾಲು ತೆಗೆಯುತ್ತ ಹೋದೆ. ತೆಂಗಿನ ಮರದಿಂದ ಬಿದ್ದವರು, ಸ್ಕೂಟರಿನಿಂದ ಬಿದ್ದವರು, ಆಟದಲ್ಲಿ ಮೊಣಕೈ ಮುರಿದುಕೊಂಡ ಮಕ್ಕಳು. ಮುರಿದದ್ದು ಸ್ಪಷ್ಟವಾಗಿ ಕಾಣುತ್ತದೆ, ಕಟ್ಟು ಹಾಕುತ್ತಾರೆ, ಕೂಡಿಕೊಳ್ಳುತ್ತದೆ. ಕೂಡಿದ ಮೇಲೆ ಮತ್ತೊಂದು ಚಿತ್ರ. ಉಸಿರು ಹಿಡಿಸಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಹಾಗೇ ಇದ್ದುಬಿಡುವ ಯೋಚನೆ ಬಲವಾಗಿತ್ತು. ಮನೆಯಲ್ಲೂ ಬೆಳಗಿನ ಲಿಂಗಪೂಜೆ ಬಿಟ್ಟಿದ್ದೆ. ಕೊರಳಲ್ಲಿ ಕರಡಿಗೆ ಇತ್ತು, ಬಿಚ್ಚುತ್ತಿರಲಿಲ್ಲ. ನಮ್ಮ ಮನೆಯವರು ಗಮನಿಸಿದ್ದರು.

ಮಾಯಸಂದ್ರದ ಕಡೆಯಿಂದ ಒಬ್ಬ ಹೆಂಗಸು ಸಿ.ಟಿ.ಗೆ ಬಂದ ದಿನ ಜೊತೆಯ ಟೆಕ್ನಿಷಿಯನ್ ರಜೆಯಲ್ಲಿದ್ದರು, ಮೊಮ್ಮಗುವಿನ ನಾಮಕರಣಕ್ಕೆ. ಡಾಕ್ಟರ್ ಮೇಡಂ ಫೋನು ಮಾಡಿ, "ಅವರ ಎಕ್ಸ್‌ರೇ ನೋಡಿದ್ದೇನೆ. ಸಣ್ಣ ಗಂಟಿನ ಹಾಗೆ ಕಾಣುತ್ತಿದೆ, ಕರಡಿಗೆ ಅಡ್ಡ ಬಂದು ಸರಿಯಾಗಿ ತಿಳಿಯುತ್ತಿಲ್ಲ. ಇವತ್ತು ಸಿ.ಟಿ. ಆದರೆ ಒಳ್ಳೆಯದು. ನಿಮಗೆ ಆಗದಿದ್ದರೆ ನಾಳೆ ಬರಲು ಹೇಳಿ," ಎಂದರು.

ಹೊರಗೆ ಹೋಗಿ ನೋಡಿದೆ. ಅರವತ್ತರ ಆಸುಪಾಸಿನ ಹೆಂಗಸು, ಗಟ್ಟಿ ಆಳು, ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಚೀಲ. ಜೊತೆಯಲ್ಲಿ ಸೊಸೆ.

"ನಾಳೆ ಬರ್ತೀರಾ ಅಮ್ಮ?" ಎಂದು ಕೇಳಿದೆ.

"ನಾಳೆ ಬರಲ್ಲ ಕಣವ್ವ," ಎಂದಳು ಆಕೆ. "ಇವತ್ತೇ ಬಂದಿದ್ದು ಇವಳ ಕಾಟಕ್ಕೆ."

ಸೊಸೆ ಹೇಳಿದಳು: "ಸಿ.ಟಿ.ಗೆ ಬೇರೆ ಎರಡು ಕಡೆ ಹೋಗಿದ್ವಿ ಮೇಡಂ. ಲಿಂಗ ತೆಗೀರಿ ಅಂದ ತಕ್ಷಣ ಎದ್ದು ಬಂದುಬಿಟ್ರು. ನಮ್ಮೂರ ಕಡೆ ತೆಗೆಸಿದ ಎಕ್ಸ್‌ರೇಲೂ ಬೆನ್ನಿಗೆ ಹಾಕ್ಕೊಂಡು ನಿಂತಿದ್ರಂತೆ. ಇವತ್ತು ಆಗಲಿಲ್ಲ ಅಂದ್ರೆ ಇನ್ನು ಇವರನ್ನ ಹೊರಡಿಸೋಕೆ ನನ್ನ ಕೈಲಿ ಆಗಲ್ಲ."

"ಹೊರಡಿಸೋಕೆ ನಾನೇನು ಎಮ್ಮೆಯಾ?" ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ಅಂಗೈಯಾಗೆ ಹಿಡ್ಕಳಕ್ಕೆ ಬುಡ್ತಾರೆ ಅಂತ ಬಸ್ಸಿನಾಗೆ ಯಾರೋ ಹೇಳಿದ್ರಂತೆ. ದಿಟವಾ?"

ಬಸ್ಸಿನಲ್ಲಿ ಯಾರು ಹೇಳಿರಬಹುದೆಂದು ನಾನು ಕೇಳಲಿಲ್ಲ. ಹೇಳಿದವಳು ನನ್ನ ಅಕ್ಕನೇ ಇರಬೇಕೆಂದೇನಿಲ್ಲ, ಅವಳಿಂದ ಕೇಳಿದ ಯಾರಾದರೂ ಇರಬಹುದು. "ದಿಟ," ಎಂದೆ. ಅಂದ ಮೇಲೆ ಒಳಗೆ ಕರೆದುಕೊಂಡು ಹೋಗದೆ ಬೇರೆ ದಾರಿ ಇರಲಿಲ್ಲ.

ಡ್ರಾಯರಿನಲ್ಲಿ ನೂಲಿತ್ತು. ಶಿವದಾರಕ್ಕೆ ಅದನ್ನು ಗಂಟು ಹಾಕಿದೆ. ಗಂಟು ಎರಡು ಸಲ ಬಿಚ್ಚಿಕೊಂಡಿತು. ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು.

"ಹೊಸಬಳೇನವ್ವ ನೀನು?"

"ಇಲ್ಲ ಅಮ್ಮ. ಬಹಳ ವರ್ಷ ಆಯ್ತು."

"ಮತ್ಯಾಕೆ ಹಿಂಗೆ? ಗಂಟು ಹಾಕಕ್ಕೆ ಬರ್ದೇ ಇರೋಳು ನನ್ನ ಒಳಗೆ ಹಾಕಿ ಏನು ನೋಡ್ತೀಯಾ?"

ಬೇರೆ ಏನಾದರೂ ಹೇಳಬಹುದಿತ್ತು. ಯಾಕೋ ಇದ್ದದ್ದನ್ನೇ ಹೇಳಿದೆ. ಹೀಗೆ ಅಂಗೈಯಲ್ಲಿ ಹಿಡಿದುಕೊಳ್ಳುವುದನ್ನು ಹೇಳಿಕೊಟ್ಟವಳು ನನ್ನ ಅಕ್ಕ. ಅವಳು ಹೋದಳು. ಗುಂಡಿಯಲ್ಲಿ ಕೂರಿಸಿದಾಗ ಅಂಗೈಯಲ್ಲಿ ಲಿಂಗ ಇಟ್ಟದ್ದನ್ನು ನೋಡಿದೆ. ಅವತ್ತಿನಿಂದ ಯಾರ ಕೈಗೆ ಇಟ್ಟರೂ ನನಗೆ ಅದೇ ಕಾಣುತ್ತದೆ. ಅದಕ್ಕೇ ಈ ಕೆಲಸ ಬಿಟ್ಟು ಮೂಳೆ ತೆಗೆಯುತ್ತಿದ್ದೇನೆ.

ರೋಗಿಗೆ, ಅದೂ ಯಂತ್ರದೊಳಗೆ ಹೋಗುವ ಮುಂಚೆ, ಹೇಳುವ ಮಾತಲ್ಲ ಅದು. ಹೇಳಿದ ಮೇಲೆ ತಿಳಿಯಿತು. ಆಕೆ ಹೆದರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಪಕ್ಕಕ್ಕಿಟ್ಟಳು.

"ನಿಮ್ಮಕ್ಕ ದಿನಾ ಪೂಜೆ ಮಾಡ್ತಿದ್ಲಾ?" ಎಂದು ಕೇಳಿದಳು.

"ಮಾಡ್ತಿದ್ಲು. ಎದ್ದು ಸ್ನಾನ ಮಾಡಿದ ತಕ್ಷಣ."

"ಎಲ್ಲಿಟ್ಕೊಂಡು ಮಾಡ್ತಿದ್ಲು?"

"ಅಂಗೈಲಿ."

"ಮತ್ತೆ? ಕಡೇ ದಿನ ಒಂದ್ಸಲ ಯಾರೋ ಇಟ್ಟಿದ್ದನ್ನೇ ಹಿಡ್ಕಂಡು ಕೂತಿದೀಯಲ್ಲ. ಅಷ್ಟು ವರ್ಷ ದಿನಾ ಬೆಳಗ್ಗೆ ಅವಳೇ ಇಟ್ಕಂತಿದ್ದಿದ್ದು ಯಾವ ಲೆಕ್ಕಕ್ಕೂ ಇಲ್ವಾ?"

ಆಕೆ ನೂಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಗಂಟು ಹಾಕಿಕೊಂಡಳು. ಕರಡಿಗೆಯನ್ನು ಎಡಗೈಯಲ್ಲಿ ಹಿಡಿದು, "ಮಲಗ್ಲಾ?" ಎಂದಳು.

ಭುಜ ನೋವೆಂದಳು, ತೋಳಿನ ಕೆಳಗೆ ದಿಂಬು ಕೊಟ್ಟೆ. ಚಿತ್ರ ಸ್ಪಷ್ಟವಾಗಿ ಬರಲೆಂದು ನರಕ್ಕೆ ಕೊಡುವ ಔಷಧಿ ಹೋಗುವಾಗ ಮೈ ಬಿಸಿಯಾದ ಹಾಗೆ ಆಗುತ್ತದೆ, ಹೆದರಬೇಡಿ ಎಂದೆ. ಗಾಜಿನ ಹಿಂದೆ ಬಂದು ಕೂತೆ. ಹಾಸಿಗೆ ಒಳಗೆ ಸರಿಯಿತು. ಯಂತ್ರದ ಬಳೆಯಾಚೆ ಆಕೆಯ ಎಡಗೈ ಕಾಣುತ್ತಿತ್ತು. ನಾನು ನೋಡುತ್ತಲೇ ಇದ್ದೆ. ಆಗ ನೆನಪಾದದ್ದು ಅಕ್ಕನ ಮನೆಯ ಹಿತ್ತಲ ಬಾಗಿಲಿಗೆ ಹತ್ತಿದ ಸಣ್ಣ ಕೋಣೆ. ಒದ್ದೆ ಕೂದಲು ಗಂಟು ಹಾಕಿ, ಕಂಬಳಿಯ ತುಂಡಿನ ಮೇಲೆ ಕೂತು, ಅಂಗೈ ಎದೆಯ ಮಟ್ಟಕ್ಕೆ ಹಿಡಿದು ನೋಡುತ್ತಿರುತ್ತಿದ್ದಳು. ನಾನು ಮಾತಾಡಿಸಿದರೆ ಬಲಗೈ ಎತ್ತಿ ತಡಿ ಎನ್ನುತ್ತಿದ್ದಳು. ಹಾಲು ಉಕ್ಕುತ್ತಿದೆ ಎಂದರೂ ಏಳುತ್ತಿರಲಿಲ್ಲ. ಎಷ್ಟು ಸಲ ನಾನೇ ಓಡಿ ಹೋಗಿ ಹಾಲು ಇಳಿಸಿದ್ದೇನೋ.

"ಏನವ್ವಾ, ಮಲ್ಕಂಡ್ಬುಟ್ಯಾ?" ಒಳಗಿಂದ ಕೂಗು ಬಂತು. "ಕೈ ಹಿಡ್ಕಂತಾ ಐತೆ."

ಗುಂಡಿ ಒತ್ತಿದೆ. "ಉಸಿರು ಎಳ್ಕೊಳ್ಳಿ ಅಮ್ಮ. ಬಾವಿಗೆ ಬೀಳೋ ಮುಂಚೆ ಎಳ್ಕೊಂತೀರಲ್ಲ, ಹಂಗೆ. ಹಿಡ್ಕೊಳ್ಳಿ." ಯಂತ್ರ ತಿರುಗಿತು. ಕಪ್ಪು ಚೆನ್ನಾಗಿ ತುಂಬಿಕೊಂಡಿತು. "ಬಿಡಿ."

ಹೊರಗೆ ಬಂದ ಮೇಲೆ, "ಬಾವಿಗೆ ಬಿದ್ದಿಲ್ಲ ನಾನು ಯಾವತ್ತೂ. ಕೆರೆಗೆ ಬಿದ್ದಿದೀನಿ," ಎಂದಳು. ಸೊಸೆ ನಕ್ಕಳು.

ಡಾಕ್ಟರ್ ಮೇಡಂ ಸಂಜೆಯೇ ಫೋನು ಮಾಡಿದರು. ಗಂಟು ಇದೆ. ಸಣ್ಣದು. ಒಂದೇ ಕಡೆ ಇದೆ, ಸುತ್ತ ಎಲ್ಲೂ ಹೋದ ಹಾಗೆ ಕಾಣುವುದಿಲ್ಲ. "ಬೇಗ ಸಿಕ್ಕಿದೆ," ಎಂದರು. ಫೋನು ಇಡುವ ಮುಂಚೆ, "ಯಾರು ತೆಗೆದದ್ದು ಅಂತ ಚಿತ್ರ ನೋಡಿದರೇ ಗೊತ್ತಾಯಿತು," ಎಂದರು.

ಸೊಸೆ ಬಿಡದೆ ಬೆಂಗಳೂರಿಗೆ ಕರೆದುಕೊಂಡು ಹೋದಳು. ಆಪರೇಷನ್ ಆಯಿತು. ಅಲ್ಲಿ ಲಿಂಗದ ವಿಷಯಕ್ಕೆ ಏನು ಮಾಡಿದಿರಿ ಎಂದು ಕೇಳಿದೆ. ಎದೆ ಕುಯ್ಯುವವರೊಡನೆ ವಾದ ಮಾಡುವುದಕ್ಕಾಗುತ್ತದೆಯೇ, ಮಣಿಕಟ್ಟಿಗೆ ಬಟ್ಟೆ ಸುತ್ತಿ ಕಟ್ಟಿಕೊಳ್ಳಲು ಅವರೇ ಬಿಟ್ಟರು ಎಂದಳು ಅತ್ತೆ. ಈಗ ಗೊತ್ತು ಮಾಡಿದ ಸಮಯಕ್ಕೆ ಸರಿಯಾಗಿ ಸಿ.ಟಿ.ಗೆ ಬರುತ್ತಾಳೆ. ಪ್ರತಿ ಸಲವೂ ಬೈಯುತ್ತಲೇ ಬರುತ್ತಾಳೆ. ಆಪರೇಷನ್ ಆದ ಜಾಗದಲ್ಲಿ ಒಂದು ಗೆರೆ ಇದೆ, ಬೇರೆ ಏನೂ ಇಲ್ಲ. ಡಾಕ್ಟರ್ ಮೇಡಂ ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕದಲ್ಲಿ ಇಟ್ಟು ನೋಡಿ, ಇನ್ನೂ ಕೆಲವು ವರ್ಷ ಬರುತ್ತಿರಿ ಎಂದಿದ್ದಾರೆ. "ಇನ್ನೂ ಕೆಲವು ವರ್ಷ ಇರ್ತೀನಿ ಅಂತಾಯ್ತು ಬುಡಿ," ಎಂದಳು ಆಕೆ.

ನಾನು ಮತ್ತೆ ಎದೆಯ ಕೆಲಸಕ್ಕೆ ಬಂದಿದ್ದೇನೆ. ಒಂದೇ ದಿನದಲ್ಲಿ ಸರಿಹೋಯಿತು ಎಂದಲ್ಲ. ಕೆಲವು ಕೈಗಳನ್ನು ಈಗಲೂ ನೋಡಲಾಗುವುದಿಲ್ಲ, ಅಕ್ಕನ ಹಾಗೆ ಕಿರುಬೆರಳು ಬಾಗಿದ ಕೈಗಳನ್ನು. ಆಗ ಕಂಪ್ಯೂಟರು ನೋಡಿಕೊಂಡು ಉಸಿರು ಹಿಡಿಸುತ್ತೇನೆ. ಬೆಳಗಿನ ಪೂಜೆಯನ್ನೂ ಮತ್ತೆ ಹಿಡಿದಿದ್ದೇನೆ. ಅವಳಷ್ಟು ಹೊತ್ತು ಕೂರುವುದಿಲ್ಲ, ಬಸ್ಸು ತಪ್ಪುತ್ತದೆ. ಆಸ್ಪತ್ರೆಯ ಗೋಡೆಯ ಮೇಲೆ ಮೊದಲು ಆಭರಣ ತೆಗೆಯಿರಿ ಎಂದು ಬರೆದಿತ್ತು. ಅದರ ಕೆಳಗೆ, ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಳ್ಳಬಹುದು, ನೂಲು ಕೇಳಿ ಪಡೆಯಿರಿ ಎಂದು ಡಾಕ್ಟರ್ ಮೇಡಂ ಬರೆಸಿದ್ದಾರೆ. ಬೆನ್ನಿಗೆ ಸರಿಸಿಕೊಂಡು ಬರುವವರು ಕಡಿಮೆಯಾಗಿದ್ದಾರೆ. ಪೂರ್ತಿ ನಿಂತಿಲ್ಲ.

ಕಳೆದ ಗೌರಿ ಹಬ್ಬಕ್ಕೆ ಮಾಯಸಂದ್ರದ ಆಕೆ ಸೊಸೆಯ ಕೈಯಲ್ಲಿ ಅರಿಶಿನ, ಕುಂಕುಮ, ಬಳೆ, ಒಂದು ರವಿಕೆ ಕಣ ಕಳಿಸಿದ್ದಳು. ತೆಗೆದುಕೊಂಡೆ, ಆ ಬಳೆ ತೊಟ್ಟುಕೊಂಡೇ ಹಬ್ಬ ಮಾಡಿದೆ. ಭಾವನೂ ಫೋನು ಮಾಡಿ ಕರೆದಿದ್ದರು. ಹೋಗಿ ಊಟ ಮಾಡಿ ಬಂದೆ, ಅಡಿಗೆ ಅವರೇ ಮಾಡಿದ್ದರು, ಉಪ್ಪು ಕಡಿಮೆ ಇತ್ತು. ಅಣ್ಣತಮ್ಮಂದಿರು ನನಗಿಲ್ಲ. ಅಪ್ಪ ಅವ್ವ ಹೋದ ಮೇಲೆ ಅಕ್ಕ ಇದ್ದ ಮನೆಯೇ ನನಗೆ ತವರಾಗಿತ್ತು. ಈಗ ನನಗೆ ತವರು ಇಲ್ಲ.